ಓದಿನಲ್ಲಿ ಬಂದದ್ದು, ಅರ್ಥದಲ್ಲಿ ಬಂದದ್ದು

ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ನನ್ನ ಗೆಳತಿಯೊಬ್ಬಳು ವರ್ಷಕ್ಕೊಮ್ಮೆ, ಭತ್ತದ ಸುಗ್ಗಿಯ ಗದ್ದಲ ಇಳಿದ ಮೇಲೆ, ತಪ್ಪದೆ ಫೋನು ಮಾಡುತ್ತಾಳೆ. ಕ್ಷೇಮ ಸಮಾಚಾರ ಅವಳಿಗೆ ಬೇಕಿಲ್ಲ. "ಹೊಸಾ ಪುಸ್ತಕ ಯಾವ್ಯಾವು ಬಂದಾವು ಹೇಳು. ಕಾದಂಬರಿ ಬ್ಯಾಡ. ಇತಿಹಾಸದ್ದು, ಈಗ ನಡದಿರೋ ಹಕೀಕತ್ತಿಂದು ಹೇಳು," ಎಂದು ನೇರವಾಗಿ ಕೇಳುತ್ತಾಳೆ. ಕೊಪ್ಪಳದ ವಕೀಲರೊಬ್ಬರೂ ಹೀಗೇ ಕೇಳುತ್ತಾರೆ. ಕುಷ್ಟಗಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಅದು ಹೇಗೋ ಈ ಸೀಮೆಯ ಪುಸ್ತಕದ ದಲ್ಲಾಳಿಯಾಗಿಬಿಟ್ಟಿದ್ದೇನೆ. ಕಮಿಷನ್ ಇಲ್ಲದ ದಲ್ಲಾಳಿ.

ಕೇಳಿದ ಕೂಡಲೇ ಹೇಳುವ ಜಾತಿ ನನ್ನದಲ್ಲ. ಹೊಸ ಪುಸ್ತಕಗಳ ಮೇಲೆ ನನಗೆ ಪ್ರೀತಿ ಎಷ್ಟೋ ಸಿಟ್ಟೂ ಅಷ್ಟೇ. ಏನು ನಡೆಯಿತು ಎಂದು ಹೇಳುವ ಮೊದಲೇ ನಾನು ಏನು ತಿಳಿದುಕೊಳ್ಳಬೇಕು ಎಂದು ಹೇಳುವ ಪುಸ್ತಕಗಳಿವೆ. ಮುನ್ನುಡಿಯಲ್ಲೇ ಗೆದ್ದು ಕುಳಿತವು ಇನ್ನು ಕೆಲವು. ಅಂಥವನ್ನು ಓದುವಾಗ ಹಾಳೆಯ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನೆ ಬರೆಯುತ್ತೇನೆ: ಇದು ಓದಿನಲ್ಲಿ ಬಂತೋ, ಅರ್ಥದಲ್ಲಿ ಬಂತೋ? ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಪುಸ್ತಕವನ್ನಷ್ಟೇ ನಾನು ಓದಿರಿ ಎಂದು ಹೇಳುತ್ತೇನೆ.

ಪ್ರಶ್ನೆ ನನ್ನದಲ್ಲ. ನನ್ನ ಆಯಿಯದು, ಅಂದರೆ ಅಪ್ಪನ ತಾಯಿಯದು. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಈಗ ಅವಳಿಲ್ಲ. ಪ್ರತಿ ಹೊಸ ಪುಸ್ತಕ ತೆರೆಯುವಾಗಲೂ ಅವಳು ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡಂತೆ ಅನಿಸುತ್ತದೆ. ಆ ದಿನಗಳು ಮತ್ತೆ ಬರಬಾರದೇ ಎಂದು ಮನಸ್ಸು ಹಂಬಲಿಸುತ್ತದೆ.

ನಮ್ಮೂರು ಯಲಬುರ್ಗಾ ತಾಲ್ಲೂಕಿನಲ್ಲಿ, ಬೇವೂರಿನ ಹತ್ತಿರ. ಶ್ರಾವಣ ಬಂತೆಂದರೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಪುರಾಣ ಹಚ್ಚುತ್ತಿದ್ದರು. ಹಗಲೆಲ್ಲ ಹೊಲದಲ್ಲಿ ಹೆಸರುಕಾಯಿ ಬಿಡಿಸಿದ ಹೆಂಗಸರು ಮನೆಗೆ ಬಂದು, ರೊಟ್ಟಿ ಬಡಿದಿಟ್ಟು, ಮುಖ ತೊಳೆದುಕೊಂಡು, ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮುಂದೆ ಸೇರುತ್ತಿದ್ದರು. ಗಂಡಸರು ಒಂದು ಪಕ್ಕ, ಹೆಂಗಸರು ಒಂದು ಪಕ್ಕ. ನಡುವೆ ಪುಸ್ತಕದ ಮಣೆ.

ಪುರಾಣಕ್ಕೆ ಇಬ್ಬರು ಬೇಕು. ಒಬ್ಬರು ಓದುವವರು, ಇನ್ನೊಬ್ಬರು ಅರ್ಥ ಹೇಳುವವರು. ಓದುವವರು ಪುಸ್ತಕದಲ್ಲಿ ಇದ್ದಷ್ಟನ್ನೇ ಓದಬೇಕು. ಬೇಕಾದರೆ ಕೆಮ್ಮಬಹುದು, ನೀರು ಕುಡಿಯಬಹುದು, ತಮ್ಮದೊಂದು ಅಕ್ಷರ ಸೇರಿಸುವಂತಿಲ್ಲ. ಅರ್ಥ ಹೇಳುವವರಿಗೆ ಮಾತ್ರ ಯಾವ ಬೇಲಿಯೂ ಇಲ್ಲ. ನಮ್ಮೂರಲ್ಲಿ ಅರ್ಥ ಹೇಳುತ್ತಿದ್ದವನು ನನ್ನಪ್ಪ. ಎತ್ತು ಹೊಡೆಯುವ ಧ್ವನಿ ಅವನದು, ಮೈಕು ಬೇಕಿರಲಿಲ್ಲ. ಶಿವ ಕೈಲಾಸದಲ್ಲಿ ಕೂತಿದ್ದ ಎಂದು ಓದಿ ಮುಗಿಸಿದರೆ ಅಪ್ಪ ಅಲ್ಲಿಂದ ಎದ್ದು ನಮ್ಮೂರಿನ ರೇಷನ್ ಅಂಗಡಿಗೆ ಬಂದು, ಅಲ್ಲಿ ಸೀಮೆಎಣ್ಣೆಗೆ ಪಾಳಿ ಹಚ್ಚಿ, ತಿರುಗಿ ಕೈಲಾಸಕ್ಕೆ ಹೋಗುತ್ತಿದ್ದ. ಜನ ನಗುತ್ತಿದ್ದರು. ಓದು ಯಾವುದು, ಅರ್ಥ ಯಾವುದು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು, ಹಾಲು ಬೇರೆ ನೀರು ಬೇರೆ ಎಂದು ಗೊತ್ತಿದ್ದ ಹಾಗೆ.

1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಅಲ್ಲಿಯವರೆಗೆ ನಮಗೆ ಜಿಲ್ಲೆ ಎಂದರೆ ರಾಯಚೂರು. ಒಂದು ಸಹಿಗೆ ಹೋದವರು ಎರಡು ಹೊತ್ತಿನ ಬುತ್ತಿ ಕಟ್ಟಿಕೊಂಡು ಹೋಗಬೇಕಿತ್ತು. ನಾನು ಆಗ ಕೊಪ್ಪಳದಲ್ಲಿ ಡಿಗ್ರಿ ಓದುತ್ತಿದ್ದೆ. ಊರಿಗೆ ಊರೇ ಹೊಸ ಅಂಗಿ ಹಾಕಿಕೊಂಡಂತೆ ಓಡಾಡುತ್ತಿತ್ತು. ಹಳೇ ಕಟ್ಟಡಗಳಿಗೆ ಸುಣ್ಣ ಬಳಿದು ಹೊಸ ಕಚೇರಿಗಳ ಬೋರ್ಡು ತಗುಲಿಸಿದರು. ಆ ಸಂಭ್ರಮದಲ್ಲಿ ಯಾರೋ ಪುಣ್ಯಾತ್ಮರು ಶಾಮಿಯಾನ ಹಾಕಿ ಪುಸ್ತಕ ಮಾರಾಟಕ್ಕಿಟ್ಟಿದ್ದರು. ಅಲ್ಲಿ ನಾನು ಹೊಸದಾಗಿ ಅಚ್ಚಾದ ಇತಿಹಾಸದ ಪುಸ್ತಕವೊಂದನ್ನು ಕೊಂಡೆ. ನಿಜಾಮನ ಕಾಲದಲ್ಲಿ ನಮ್ಮ ಸೀಮೆ ಹೇಗಿತ್ತು, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ನಮಗೆ ಯಾಕೆ ಒಂದು ವರ್ಷ ತಡವಾಯಿತು, ಜನ ಗಡಿ ದಾಟಿ ಮುಂಬಯಿ ಪ್ರಾಂತದಲ್ಲಿ ಶಿಬಿರ ಹೂಡಿ ಹೇಗೆ ಹೋರಾಡಿದರು ಎಂಬುದು ಅದರ ವಿಷಯ. ಪುಸ್ತಕದಲ್ಲಿ ನಮ್ಮ ಊರುಗಳ ಹೆಸರುಗಳಿದ್ದವು. ಕುಷ್ಟಗಿ, ಯಲಬುರ್ಗಾ ಎಂಬ ಹೆಸರುಗಳನ್ನು ಬಸ್ಸಿನ ಬೋರ್ಡಿನ ಮೇಲಲ್ಲದೆ ಅಚ್ಚಿನಲ್ಲಿ ನಾನು ಅಷ್ಟಾಗಿ ನೋಡಿರಲಿಲ್ಲ. ಖುಷಿಗೆ ಕಣ್ಣು ತುಂಬಿಬಂತು.

ಮರುವರ್ಷದ ಶ್ರಾವಣಕ್ಕೆ ಊರಲ್ಲಿ ಹೊಸ ತೊಂದರೆ ಹುಟ್ಟಿತು. ಪುರಾಣ ಓದುತ್ತಿದ್ದ ಸಾಲಿ ಮಾಸ್ತರರನ್ನು ಹೊಸ ಜಿಲ್ಲೆಯ ಯಾವುದೋ ಕಚೇರಿಗೆ ಹಾಕಿಕೊಂಡಿದ್ದರು. ಅರ್ಥ ಹೇಳುವವನಿದ್ದಾನೆ, ಓದುವವರಿಲ್ಲ. ಅಪ್ಪ ನನ್ನ ಮುಂದೆ ಬಂದು ನಿಂತ.

"ಈ ಸಲ ನೀನ ಓದಬೇಕವ್ವ."

"ಓದ್ತೀನಿ. ಆದ್ರ ಆ ಹಳೇ ಪುರಾಣ ಅಲ್ಲ. ನಾ ತಂದಿರೋ ಪುಸ್ತಕ ಓದ್ತೀನಿ."

"ಇತಿಹಾಸಕ್ಕ ಮಂಗಳಾರತಿ ಹೆಂಗ ಮಾಡೂದು?"

"ಮಾಡಿದ್ರ ಪುಸ್ತಕ ಬ್ಯಾಡಂತೈತೇನು?"

ಅಪ್ಪ ಹಿರಿಯರನ್ನು ಕೇಳಿದ. ಒಂದೇ ಪುರಾಣವನ್ನು ಕೇಳಿ ಕೇಳಿ ಅವರಿಗೂ ಬೇಸರವಾಗಿತ್ತೋ ಏನೋ, ನೋಡೋಣ ಎಂದರು. ಹೀಗೆ ನಮ್ಮೂರ ಗುಡಿಯ ಕಟ್ಟೆಗೆ ಹೊಸ ಪುಸ್ತಕ ಬಂತು. ಮೊದಲ ದಿನ ಪುಸ್ತಕಕ್ಕೆ ಕಾಯಿ ಒಡೆದರು. ಯಾರೋ ಮುಖಪುಟದ ಮೇಲೆ ಕುಂಕುಮ ಹಚ್ಚಿದರು. ಆ ಕೆಂಪು ಗುರುತು ಇಂದಿಗೂ ಹೋಗಿಲ್ಲ.

ಜನ ಅದನ್ನು ಪುರಾಣ ಕೇಳಿದ ಹಾಗೇ ಕೇಳಿದರು. ನಾನು ಹಾಳೆ ತಿರುವಿದರೆ "ಹರಹರ" ಎನ್ನುತ್ತಿದ್ದರು. ನಿಜಾಮನ ಕಾಲದ ಕರದ ಹೆಸರೊಂದು ಬಂದಾಗ ಗಂಡಸರ ಸಾಲಿನ ಮುದುಕರೊಬ್ಬರು ಆ ಕರಕ್ಕೆ ಬಾಯಿ ತುಂಬ ಬೈದು, ಆಮೇಲೆ ಹನುಮಪ್ಪನ ಕಡೆ ತಿರುಗಿ ಗಲ್ಲ ಬಡಿದುಕೊಂಡರು. ಅಪ್ಪನಿಗಂತೂ ಹಬ್ಬ. ಫರ್ಮಾನು, ಜಾಗೀರು, ತಹಶೀಲು ಎಂಬ ಮಾತುಗಳು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿದ್ದವು. ನಮ್ಮ ಮಾತಿನಲ್ಲಿ ಅವು ಮೊದಲೇ ಕರಗಿಹೋಗಿದ್ದವಲ್ಲ.

ಆಯಿ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಅವಳು ಕೇಳಲು ಬರುತ್ತಿದ್ದುದು ಒಂದೇ ಕಾರಣಕ್ಕೆ.

ಆಯಿಯ ತವರೂ ಬೇವೂರಿನ ಕಡೆಯದೇ. ಅವಳಿಗೆ ಒಬ್ಬನೇ ಅಣ್ಣ. ಅವಳು ಇನ್ನೂ ಸಣ್ಣ ಹುಡುಗಿಯಾಗಿದ್ದಾಗ, ಆ ಗದ್ದಲದ ದಿನಗಳಲ್ಲಿ, ಅವನು ಮನೆ ಬಿಟ್ಟು ಹೋದ. ಮೀಸೆ ಚಿಗುರುತ್ತಿದ್ದ ವಯಸ್ಸು. ಹೋದವನು ತಿರುಗಿ ಬರಲಿಲ್ಲ. ಹೋಗುವ ಹಿಂದಿನ ದಿನ "ಶಿಬಿರಕ್ಕ ಹೊಂಟೀನಿ, ಅವ್ವಗ ಹೇಳಬ್ಯಾಡ" ಎಂದು ತಂಗಿಗೆ ಹೇಳಿದ್ದನಂತೆ. ಊರವರು ಬೇರೆ ಹೇಳಿದರು. ಅವನಿಗೆ ನಾಟಕದ ಹುಚ್ಚು ಇತ್ತು, ಯಾವುದೋ ಊರಲ್ಲಿ ಹೆಣ್ಣು ವೇಷ ಹಾಕಿ ಕುಣಿಯುವುದನ್ನು ನೋಡಿದವರಿದ್ದಾರೆ, ನಾಟಕದವರ ಜೊತೆ ಓಡಿಹೋಗಿದ್ದಾನೆ ಎಂದರು. ಸಣ್ಣ ಹುಡುಗಿಯ ಮಾತನ್ನು ಯಾರು ನಂಬುತ್ತಾರೆ? ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೂ ಆ ಮಾತು ಬೆನ್ನು ಬಿಡಲಿಲ್ಲ. ಆಯಿಯ ನಾದಿನಿ, ಅಂದರೆ ನನ್ನ ಅಪ್ಪನ ಸೋದರತ್ತೆ, ಗಂಡನನ್ನು ಕಳೆದುಕೊಂಡು ತವರಿಗೇ ಬಂದು ಇದ್ದವಳು, ಜಗಳ ಬಂದಾಗಲೆಲ್ಲ ಕೊನೆಯ ಅಸ್ತ್ರವಾಗಿ ಅದನ್ನೇ ತೆಗೆಯುತ್ತಿದ್ದಳು: "ನಾಟಕದವನ ತಂಗಿ ಅಲ್ಲೇನು ನೀನು." ಆ ಮಾತು ಬಂದ ಕೂಡಲೇ ಆಯಿ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು.

ಆಯಿಯ ಬಾಲ್ಯದ ಇನ್ನೊಂದು ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅದು ನಗುವ ಕತೆ. ನಾವು ಹುಡುಗಿಯರು ಏನಾದರೂ ಕಳೆದುಕೊಂಡು ಬಂದರೆ ಅವಳು ಅದನ್ನು ಹೇಳುತ್ತಿದ್ದಳು. ಅವಳಿಗೊಂದು ಕೆಂಪು ದಟ್ಟಿ ಇತ್ತಂತೆ. ದಟ್ಟಿ ಎಂದರೆ ಸಣ್ಣ ಹುಡುಗಿಯರು ಉಡುವ ಪುಟ್ಟ ಸೀರೆ. ಇಳಕಲ್ಲಿನಿಂದ ತಂದದ್ದು. ಒಲೆಯ ಕಿಡಿ ಬಿದ್ದು ಸೆರಗು ಸುಟ್ಟಾಗ ಅವಳ ತಾಯಿ ಕುಪ್ಪಸದ ನೀಲಿ ಖಣದ ತುಂಡೊಂದನ್ನು ಹಚ್ಚಿ ತೇಪೆ ಹಾಕಿದ್ದಳು. ಒಂದು ದಿನ ಬೇಲಿಯ ಮೇಲೆ ಒಣಗಲು ಹಾಕಿದ ದಟ್ಟಿ ಮಾಯ. ಗಾಳಿಗೆ ಹೋಯಿತೋ, ಮೇಕೆ ತಿಂದಿತೋ. "ಬೇಲಿ ನುಂಗೇತಿ ಅಂದೆ. ಅವ್ವ ಬೆನ್ನು ಮುರಿಯೋ ಹಂಗ ಬಡದ್ಲು. ನಿಮ್ಮನ್ನ ಬಡಿಯಾವ್ರು ಯಾರೂ ಇಲ್ಲ, ಅದಕ್ಕ ಹಿಂಗ ಆಗೀರಿ," ಎಂದು ಕತೆ ಮುಗಿಸುತ್ತಿದ್ದಳು. ಅಣ್ಣನ ಕತೆಯನ್ನು ಅಳುವಾಗ ಹೇಳುತ್ತಿದ್ದಳು, ದಟ್ಟಿಯ ಕತೆಯನ್ನು ನಗುವಾಗ. ಎರಡನ್ನೂ ಒಟ್ಟಿಗೆ ಯಾರೂ ಕೇಳಿರಲಿಲ್ಲ.

ದಿನವೂ ಓದು ಮುಗಿದು ಮನೆಗೆ ನಡೆಯುವಾಗ ಆಯಿ ನನ್ನ ತೋಳು ಹಿಡಿದು ಮೆಲ್ಲಗೆ ಕೇಳುತ್ತಿದ್ದಳು, "ಬಂತೇನು?"

"ಇಲ್ಲ ಆಯಿ. ಇನ್ನೂ ಪುಸ್ತಕ ಐತಿ."

ಪುಸ್ತಕದಲ್ಲಿ ಅವನ ಹೆಸರು ಇರಲಿಲ್ಲ. ಅದು ನನಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಶಿಬಿರದ ಅಧ್ಯಾಯ ಶುರುವಾದ ಸಂಜೆ ಆಯಿ ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಮುಖಂಡರ ಹೆಸರುಗಳು ಬಂದವು, ಊರುಗಳ ಹೆಸರುಗಳು ಬಂದವು. ಪ್ರತಿ ಹೆಸರಿಗೂ ಅವಳು ತಲೆ ಎತ್ತುತ್ತಿದ್ದಳು. ಅಂಥ ಸಂಜೆಯನ್ನು ಓದುವ ಯಾರಿಗೂ ದೇವರು ಕೊಡಬಾರದು.

ಇಷ್ಟರಲ್ಲಿ ಹೆಂಗಸರ ಸಾಲಿನಿಂದ ಬೇರೊಂದು ತಕರಾರು ಎದ್ದಿತು. ತೊಟ್ಟಿಲು ಯಾವಾಗ? ಪುರಾಣದಲ್ಲಿ ಶರಣರು ಹುಟ್ಟುವ ಅಧ್ಯಾಯ ಬಂದ ದಿನ ಕಟ್ಟೆಯ ಮೇಲೆ ತೊಟ್ಟಿಲು ಕಟ್ಟಿ, ಅದರಲ್ಲಿ ಬಟ್ಟೆ ಸುತ್ತಿದ ತೆಂಗಿನಕಾಯಿ ಮಲಗಿಸಿ, ಜೋಗುಳ ಹಾಡಿ, ಹೆಸರಿಟ್ಟು, ಕೊಬ್ಬರಿ ಸಕ್ಕರೆ ಹಂಚುವುದು ಪದ್ಧತಿ. ತೊಟ್ಟಿಲಾಗದ ಪುರಾಣ ಮುಗಿದಂತೆಯೇ ಅಲ್ಲ. ತೊಟ್ಟಿಲಿನ ಯಜಮಾನಿಕೆ ಆಯಿಯ ನಾದಿನಿಯದು. ಅವಳು ಅಪ್ಪನನ್ನು ಕಟ್ಟೆಯ ಕೆಳಗೇ ತಡೆದಳು.

"ಎಷ್ಟ ದಿನಾ ಆತು, ಬರೇ ಹಿಡದ್ರು, ಹೊಡದ್ರು, ಸತ್ರು. ಒಬ್ರೂ ಹುಟ್ಟವಲ್ರು. ಇದೆಂಥಾ ಪುರಾಣ?"

ಅಪ್ಪ ನನ್ನ ಮುಖ ನೋಡಿದ. ನಾನು ಪುಸ್ತಕ ನೋಡಿದೆ. ಹುಟ್ಟಿನ ಮಾತು ಎಲ್ಲೂ ಇರಲಿಲ್ಲ. ಕೊನೆಗೆ ಹೆಂಗಸರೇ ತೀರ್ಮಾನ ಮಾಡಿದರು. ನಮ್ಮ ಸೀಮೆಗೆ ಸ್ವಾತಂತ್ರ್ಯ ಬರುವ ಅಧ್ಯಾಯದ ದಿನ ತೊಟ್ಟಿಲು. ಅಂದು ಹುಟ್ಟಿದ್ದೇ ಅಲ್ಲವೇ ನಾವೆಲ್ಲ, ಎಂದರು. ಎಲ್ಲಿಯ ಇತಿಹಾಸ, ಎಲ್ಲಿಯ ತೊಟ್ಟಿಲು! ಈಗ ನೆನೆದರೆ ನಗು ಬರುತ್ತದೆ. ಯಾವ ವಿಶ್ವವಿದ್ಯಾಲಯದಲ್ಲೂ ಆ ಅಧ್ಯಾಯಕ್ಕೆ ಅಂಥ ಮರ್ಯಾದೆ ಸಿಕ್ಕಿರಲಾರದು ಎಂದೂ ಅನಿಸುತ್ತದೆ.

ಆ ಸಂಜೆ ನಾನು ಓದಿ ಮುಗಿಸಿದೆ. ತೊಟ್ಟಿಲು ತೂಗಿತು, ಜೋಗುಳವಾಯಿತು. ಈಗ ಹೆಸರಿಡಬೇಕು. ಕಾಯಿಗೆ ಏನೆಂದು ಹೆಸರಿಡುವುದು? ಹೆಂಗಸರು ಮುಖ ಮುಖ ನೋಡಿಕೊಂಡರು. ಆಗ ಅಪ್ಪ ಎದ್ದು ನಿಂತ.

"ಕೇಳ್ರೆವ್ವಾ. ಆ ಶಿಬಿರದಾಗ ನಮ್ಮ ಸೀಮಿ ಹುಡುಗರು ಭಾಳ ಮಂದಿ ಇದ್ರು. ಅದರಾಗ ನಮ್ಮ ಸೋದರಮಾವನೂ ಒಬ್ಬ. ಜೀವಾ ಕೊಟ್ಟಾನ. ಕೂಸಿಗೆ ಅವನ ಹೆಸರ ಇಡ್ರಿ." ಎಂದವನೇ ಹೆಸರನ್ನು ಗಟ್ಟಿಯಾಗಿ ಹೇಳಿದ.

ಜನಕ್ಕೆ ಒಪ್ಪಿಗೆಯಾಯಿತು. ಆ ಹೆಸರು ಸಾಲಿನಿಂದ ಸಾಲಿಗೆ ಹೋಯಿತು. ಹೆಸರಿಡಲು ನಾದಿನಿಯೇ ತೊಟ್ಟಿಲ ಮೇಲೆ ಬಾಗಿದಳು. ಅಷ್ಟರಲ್ಲಿ ಆಯಿ ಕಂಬ ಹಿಡಿದು ಎದ್ದಳು.

"ಇಡಬ್ಯಾಡ್ರಿ."

ಎಲ್ಲರೂ ತಿರುಗಿದರು. ಆಯಿ ಮಗನ ಕಡೆ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. "ಅದು ಅರ್ಥದಾಗ ಬಂತಪಾ. ಓದಿನ್ಯಾಗ ಬರ್ಲಿಲ್ಲ. ಓದಿನ್ಯಾಗ ಬರದ ಹೆಸರು ಇಡಬ್ಯಾಡ್ರಿ," ಎಂದಳು.

ಅಪ್ಪ ಹಾಗೇ ಕೂತುಬಿಟ್ಟ. ಅವನು ತಾಯಿಯ ಮೇಲಿನ ಪ್ರೀತಿಗೆ ಹೇಳಿದ್ದ. ಅದು ಅವಳಿಗೂ ಗೊತ್ತಿತ್ತು. ಜೀವಮಾನವೆಲ್ಲ ಕಾದ ಮಾತು ಊರ ಮುಂದೆ ಕೇಳಿಸಿತ್ತು. ಕಣ್ಣು ಮುಚ್ಚಿ ತೆಗೆದುಕೊಂಡಿದ್ದರೆ ಮುಗಿಯುತ್ತಿತ್ತು. ಅವಳು ತೆಗೆದುಕೊಳ್ಳಲಿಲ್ಲ. ಆ ವರ್ಷದ ತೊಟ್ಟಿಲನ್ನು ಹೆಸರಿಡದೆ ಬಿಚ್ಚಿದರು. ಕೊಬ್ಬರಿ ಸಕ್ಕರೆ ಮಾತ್ರ ಹಂಚಿದರು.

ಮನೆಗೆ ಬಂದ ಮೇಲೆ ಅಪ್ಪ ಊಟಕ್ಕೆ ಏಳಲಿಲ್ಲ. ಆಯಿಯೇ ಹೋಗಿ ಪಕ್ಕದಲ್ಲಿ ಕೂತಳು. "ನೀ ಹೇಳಿದ್ದನ್ನ ನಾ ಒಪ್ಪಿದ್ರ, ನಾಳೆ ನಿಮ್ಮತ್ತಿ ಕೇಳ್ತಾಳ, ನಿನ್ನ ಮಗ ಹೇಳ್ಯಾನ ಹೌದಿಲ್ಲೋ ಅಂತ. ಏನ ಹೇಳಲಿ? ಏಳು, ಉಣ್ಣು," ಎಂದಳು.

ಅಂದಿನಿಂದ ನಮ್ಮೂರಲ್ಲಿ ಶ್ರಾವಣಕ್ಕೊಂದು ಹೊಸ ಪುಸ್ತಕ ಎಂಬ ಪದ್ಧತಿ ಬಿತ್ತು. ಯಾವ ಪುಸ್ತಕ ಎಂದು ಹೇಳುವುದು ನನ್ನ ಕೆಲಸ. ಒಂದು ವರ್ಷ ಕಾಲುವೆ ನೀರಿನ ಹಂಚಿಕೆಯ ಮೇಲಿನ ಪುಸ್ತಕ ಓದಿದೆವು. ಗಂಗಾವತಿ ಕಡೆಯಿಂದ ಬಂದಿದ್ದ ಊರಿನ ಅಳಿಯನೊಬ್ಬ ಪುಸ್ತಕ ಸುಳ್ಳು ಎಂದು ಎದ್ದು ನಿಂತ. ಕಾಲುವೆ ನೀರು ಕುಡಿದವನ ಮಾತು ಕೇಳಬೇಡಿ ಎಂದು ಒಣ ಸೀಮೆಯ ನಮ್ಮ ಜನ ಅವನನ್ನು ಕೂರಿಸಿದರು. ಇನ್ನೊಂದು ವರ್ಷ ಲೋಕದ ಮಾರುಕಟ್ಟೆಗಳ ಬಗ್ಗೆ ಓದಿದಾಗ, ಕುಷ್ಟಗಿಯಲ್ಲಿ ದಾಳಿಂಬೆ ತೋಟ ಮಾಡಿದ್ದ ದೊಡ್ಡಪ್ಪ ಕೊನೆಯವರೆಗೂ ಕೇಳಿ, "ಬರದಾಂವ ದಾಳಿಂಬ್ರಿ ತಿಂದಾನ, ಬೆಳದಿಲ್ಲ," ಎಂದು ಒಂದೇ ಮಾತಲ್ಲಿ ವಿಮರ್ಶೆ ಮುಗಿಸಿದ. ಪತ್ರಿಕೆಗಳಲ್ಲಿ ಉದ್ದುದ್ದ ವಿಮರ್ಶೆ ಬರೆಯುವವರು ನಮ್ಮ ಕಟ್ಟೆಗೆ ಒಮ್ಮೆ ಬಂದು ಹೋಗಬೇಕಿತ್ತು ಎಂದು ನನಗೆ ಆಗಾಗ ಅನಿಸಿದ್ದಿದೆ.

ಆಯಿ ಯಾವ ಪುಸ್ತಕವನ್ನೂ ತಪ್ಪಿಸಲಿಲ್ಲ. ಅಪ್ಪನ ಅರ್ಥ ದಾರಿ ಬಿಟ್ಟು ಬಹಳ ದೂರ ಹೋದರೆ ಕಂಬದ ಹತ್ತಿರದಿಂದ ಧ್ವನಿ ಬರುತ್ತಿತ್ತು, "ಇದು ಓದಿನ್ಯಾಗ ಬಂತೋ, ಅರ್ಥದಾಗ ಬಂತೋ?" ಜನ ನಗುತ್ತಿದ್ದರು. ಅಪ್ಪ ತಿರುಗಿ ದಾರಿಗೆ ಬರುತ್ತಿದ್ದ. ಒಮ್ಮೆ ನವರಾತ್ರಿಯಲ್ಲಿ ಹೇಮಗುಡ್ಡದ ದುರ್ಗವ್ವನಿಗೆ ಹೋಗಿದ್ದೆವು. ಅಲ್ಲೊಬ್ಬರು ಗುಡ್ಡದ ರಾಜರ ಕತೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಎಲ್ಲ ಕೇಳಿದ ಆಯಿ ಕೈಮುಗಿದು ಅವರನ್ನೂ ಇದೇ ಪ್ರಶ್ನೆ ಕೇಳಿದಳು. ಅವರಿಗೆ ಏನೂ ತಿಳಿಯದೆ ಪ್ರಸಾದ ಕೊಟ್ಟು ಕಳಿಸಿದರು.

ತೊಟ್ಟಿಲೂ ವರ್ಷ ವರ್ಷ ಕಟ್ಟುತ್ತಿದ್ದರು, ಯಾವುದಾದರೊಂದು ನೆಪ ಹುಡುಕಿ. ಆ ವರ್ಷದಂತೆಯೇ ಹೆಸರಿಡದೆ ಬಿಚ್ಚುವುದೂ ಪದ್ಧತಿಯಾಯಿತು. ಹೊಸಬರು ಕೇಳಿದರೆ, "ನಮ್ಮೂರಾಗ ಹಂಗ," ಎನ್ನುತ್ತಿದ್ದರು. "ಬಂತೇನು?" ಎಂದು ಆಯಿ ಕೇಳುವುದು ನಿಲ್ಲಲಿಲ್ಲ. ಕಾಲುವೆಯ ಪುಸ್ತಕ ಓದಿದ ವರ್ಷವೂ ಕೇಳಿದ್ದಳು.

ನಾನು ಕುಷ್ಟಗಿಯಲ್ಲಿ ನೌಕರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಒಂದು ಆಷಾಢದಲ್ಲಿ ಕೊಪ್ಪಳಕ್ಕೆ ತರಬೇತಿಗೆಂದು ಹೋದವಳು ತಿರುಗಿ ಬರುವಾಗ ಹೊಸ ಪುಸ್ತಕವೊಂದನ್ನು ಕೊಂಡು ಬಸ್ಸು ಹತ್ತಿದೆ. ಗಡಿಯ ಆಚೆ ಈಚೆ ಊರೂರು ಸುತ್ತಿ, ಶಿಬಿರಗಳಲ್ಲಿದ್ದ ವೃದ್ಧರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡ ಪುಸ್ತಕ. ಮುನ್ನುಡಿ ಒಂದೇ ಹಾಳೆ. ಆಗಲೇ ನನಗೆ ಅದರ ಮೇಲೆ ನಂಬಿಕೆ ಬಂತು. ಕಿಟಕಿಯ ಪಕ್ಕ ಕೂತು ಓದುತ್ತಾ ಹೋದೆ. ಆಚೆಯ ಊರಿನ ಒಬ್ಬ ಮುದುಕರ ಮಾತು ಬಂತು. ಅದನ್ನು ಓದಿ ಪುಸ್ತಕ ಮುಚ್ಚಿದೆ. ಮತ್ತೆ ತೆರೆದು ಓದಿದೆ. ಪಕ್ಕದ ಹೆಂಗಸು "ಯಾಕ್ರೀ, ಏನಾತ್ರಿ?" ಎಂದು ಕೇಳಿದಳು. ಏನೂ ಇಲ್ಲ ಎಂದೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪನ ಬಾಯಲ್ಲಿ ಅದು ಅರ್ಥವಾಗಿ ಮೊದಲೇ ಹೊರಬೀಳುತ್ತಿತ್ತು. ಬರಬೇಕಾದ ಜಾಗದಲ್ಲೇ ಬರಲಿ ಎಂದುಕೊಂಡೆ. ಆ ಆಷಾಢದಷ್ಟು ಉದ್ದದ ತಿಂಗಳು ನನಗೆ ಬೇರೆ ಗೊತ್ತಿಲ್ಲ. ಊರಿಗೆ ಹೋದಾಗಲೆಲ್ಲ ಮೊದಲು ಆಯಿಯ ಮೈ ಮುಟ್ಟಿ ನೋಡುತ್ತಿದ್ದೆ, ಜ್ವರ ಇಲ್ಲವಲ್ಲ ಎಂದು.

"ಈ ಸಲ ಯಾವ ಪುಸ್ತಕ?" ಎಂದು ಅಪ್ಪ ಕೇಳಿದ. ಇದು ಎಂದು ಕೊಟ್ಟೆ. "ಛಲೋ ಐತೇನು?" ಎಂದ. "ಕೇಳು," ಎಂದಷ್ಟೇ ಹೇಳಿದೆ.

ಶ್ರಾವಣದ ಆ ಸಂಜೆ ಸಣ್ಣಗೆ ಮಳೆ ಹನಿದು ನಿಂತಿತ್ತು. ಜನ ಗೋಣಿತಟ್ಟು ಹಾಸಿಕೊಂಡು ಕೂತಿದ್ದರು. ಅಂದೇ ತೊಟ್ಟಿಲಿನ ದಿನ ಎಂದು ನಾನೇ ಆಯಿಯ ನಾದಿನಿಗೆ ಹೇಳಿ ಕಳಿಸಿದ್ದೆ. ಆಯಿ ಕಂಬಕ್ಕೆ ಒರಗಿದ್ದಳು. ನಾನು ನೀರು ಕುಡಿದು ಓದಿದೆ. ಮುದುಕರ ಮಾತು ಹೀಗಿತ್ತು: ಶಿಬಿರದಿಂದ ಗಡಿಯೊಳಗಿನ ಹಳ್ಳಿಗಳಿಗೆ ಸುದ್ದಿ ಮುಟ್ಟಿಸಲು ನಾವೊಂದು ಸಣ್ಣ ನಾಟಕದ ಮೇಳ ಮಾಡಿಕೊಂಡಿದ್ದೆವು. ಬೇವೂರಿನ ಕಡೆಯ ಹುಡುಗನೊಬ್ಬ ಹೆಣ್ಣು ವೇಷ ಹಾಕುತ್ತಿದ್ದ. ಹೆಸರು ಈಗ ನೆನಪಿಲ್ಲ. ಮನೆಯಿಂದ ತಂಗಿಯ ಕೆಂಪು ದಟ್ಟಿ ತಂದಿದ್ದ. ಅದನ್ನೇ ಉಡುತ್ತಿದ್ದ. ಮೊಣಕಾಲಿಗೂ ಬರುತ್ತಿರಲಿಲ್ಲ, ಜನ ಬಿದ್ದು ಬಿದ್ದು ನಗುತ್ತಿದ್ದರು, ಪೋಲೀಸರೂ ನಗುತ್ತಿದ್ದರು. ಸೆರಗಿಗೆ ನೀಲಿ ಖಣದ ತೇಪೆ ಇತ್ತು. ಚೀಟಿಯನ್ನು ಆ ತೇಪೆಯೊಳಗಿಟ್ಟು ಹೊಲಿಯುತ್ತಿದ್ದೆವು. ತಿರುಗಿ ಹೋಗುವಾಗ ತಂಗಿಗೆ ಹೊಸ ದಟ್ಟಿ ಒಯ್ಯಬೇಕು ಎನ್ನುತ್ತಿದ್ದ. ಒಂದು ಸಲ ಹೋದವನು ಬರಲಿಲ್ಲ. ಹಿಡಿದು ಕೊಂದರೆಂದು ಆಮೇಲೆ ಕೇಳಿದೆವು.

ಓದು ನಿಂತಿತು. ಅಪ್ಪನ ಬಾಯಿ ಅರ್ಧ ತೆರೆದಿತ್ತು.

"ಮತ್ತೊಮ್ಮಿ ಓದವ್ವ," ಎಂದಳು ಆಯಿ.

ಮತ್ತೊಮ್ಮೆ ಓದಿದೆ. ಅಪ್ಪ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಅರ್ಥ ಹೇಳಲು ಎದ್ದ. ಆಯಿ ಕೈ ಎತ್ತಿದಳು.

"ನೀ ಕುಂದ್ರು. 'ಹೆಸರು ಈಗ ನೆನಪಿಲ್ಲ' ಅಂತ ಓದಿನ್ಯಾಗ ಬಂತು. ಇದರ ಅರ್ಥ ನಾ ಹೇಳ್ತೀನಿ."

ಅವಳು ಎದ್ದು ಬಂದು ಮಣೆಯ ಪಕ್ಕ, ಅರ್ಥ ಹೇಳುವವರ ಜಾಗದಲ್ಲಿ, ಕೂತಳು. ಅಲ್ಲಿಯವರೆಗೆ ಅಲ್ಲಿ ಹೆಂಗಸರು ಕೂತದ್ದನ್ನು ನಾನು ಕಂಡಿರಲಿಲ್ಲ. "ಬೇಲಿ ನುಂಗಿದ್ದಿಲ್ಲರೆವ್ವಾ. ನಮ್ಮಣ್ಣ ಒಯ್ದಿದ್ದ," ಎಂದು ಶುರು ಮಾಡಿದಳು. ದಟ್ಟಿ ಸುಟ್ಟದ್ದು, ತೇಪೆ ಹಾಕಿದ್ದು, ಅವ್ವ ಬಡಿದದ್ದು, ಅಣ್ಣ ಹೋಗುವಾಗ ಹೇಳಿದ್ದು, ಎರಡೂ ಕತೆಗಳನ್ನು ಮೊದಲ ಸಲ ಒಂದೇ ಕತೆಯಾಗಿ ಹೇಳಿದಳು. ರೇಷನ್ ಅಂಗಡಿಗೂ ಹೋಗಲಿಲ್ಲ, ಕೈಲಾಸಕ್ಕೂ ಹೋಗಲಿಲ್ಲ. ಕೊನೆಗೆ ಅವನ ಹೆಸರು ಹೇಳಿದಳು.

ಕತ್ತಲೆಯ ಅಂಚಿನಿಂದ ನಾದಿನಿ ಎದ್ದು ಬಂದಳು. ಅವಳೂ ಈಗ ಗೂನು ಬಿದ್ದ ಮುದುಕಿ. "ವೈನಿ," ಎಂದಳು. ಅತ್ತಿಗೆಯ ಎದುರು ಕೂತಳು.

"ನೀ ಅಂದದ್ದು ಖರೇನ ಐತಿ ಬಿಡು. ನಾಟಕದವನ ತಂಗಿನ ನಾನು," ಎಂದಳು ಆಯಿ. "ತೊಟ್ಲ ತೂಗು."

ನಾದಿನಿಯೇ ತೊಟ್ಟಿಲು ತೂಗಿದಳು. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಬಾಗಿ ಕಿವಿಯಲ್ಲಿ ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನ ಮೇಲೆ ಗುದ್ದುವುದು ಪದ್ಧತಿ. ಆಯಿ ಬಾಗಿ, ಬಟ್ಟೆ ಸುತ್ತಿದ ಕಾಯಿಗೆ ಅಣ್ಣನ ಹೆಸರು ಹೇಳಿದಳು. ನಾದಿನಿ ಕೈ ಎತ್ತಿದಳು, ಗುದ್ದಲಿಲ್ಲ. ಆಯಿಯ ಬೆನ್ನ ಮೇಲೆ ಆ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಳು.

"ಗುದ್ದ ಬೇ," ಎಂದಳು ಆಯಿ, ಬಾಗಿದಲ್ಲಿಂದಲೇ. "ಹೆಸರ ಇಟ್ಟೀನಿ."